ಗುಡ್ಡದ ರಾತ್ರಿಗೆ ಗಂಟು ಕಟ್ಟುವ ಮೊದಲು

ರಜೆ ಬಂತೆಂದರೆ ಮಕ್ಕಳನ್ನು ಅಜ್ಜನ ಮನೆಗೆ ಕಳುಹಿಸಿ ಹಿರಿಯರು ನಿಶ್ಚಿಂತರಾಗಿರುತ್ತಿದ್ದ ಕಾಲ ಮೆಲ್ಲಮೆಲ್ಲನೆ ಹಿಂದೆ ಸರಿಯುತ್ತಿದೆ. ಈಗ ತಂದೆ, ತಾಯಿ, ಮಕ್ಕಳು ಒಂದೇ ವಾಹನದಲ್ಲಿ ಗುಡ್ಡ ಹತ್ತಿ, ಅಲ್ಲಿ ಡೇರೆ ಹಾಕಿ, ಒಂದೆರಡು ರಾತ್ರಿ ಕಳೆದು ಬರುವ ಹವ್ಯಾಸ ನಮ್ಮ ಮಧ್ಯಮ ವರ್ಗದ ಮನೆಗಳಿಗೂ ಬಂದಿದೆ. ಇದನ್ನು ಆಡಿಕೊಳ್ಳಬೇಕಾದುದಿಲ್ಲ. ಗೋಡೆ ಮತ್ತು ಮೊಬೈಲುಗಳ ನಡುವೆ ಬೆಳೆಯುವ ಮಕ್ಕಳು ನಕ್ಷತ್ರ ತುಂಬಿದ ಆಕಾಶವನ್ನು ಒಮ್ಮೆಯಾದರೂ ನೋಡಲಿ, ಹಸಿವಾದಾಗ ಒಲೆ ಹೊತ್ತಿಸಲು ಕಲಿಯಲಿ ಎಂಬುದು ಅಧ್ಯಾಪಕನಾದವನಿಗೆ ಸಂತೋಷದ ವಿಷಯವೇ. ಆದರೆ ಈ ಸಂತೋಷಕ್ಕೆ ಕಟ್ಟುವ ಗಂಟಿನಲ್ಲಿ ಏನಿರಬೇಕು, ಏನಿರಬಾರದು ಎಂಬ ವಿವೇಚನೆ ಮಾತ್ರ ವಾಹನದ ವೇಗದಲ್ಲಿ ಬೆಳೆದಿಲ್ಲ. ಅದರ ಬಗ್ಗೆ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಕಾಸರಗೋಡಿನವನೇ ಆದ ಈ ಲೇಖಕ ಅಧ್ಯಾಪನ ವೃತ್ತಿ ಮಾಡುತ್ತಿರುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ. ಈ ಜಿಲ್ಲೆಯ ಪೂರ್ವಕ್ಕಿರುವ ಜತ್ತ ತಾಲೂಕು ಬರದ ಸೀಮೆ. ಅಲ್ಲಿ ಮನೆಮಾತು ಕನ್ನಡವಾಗಿರುವ ಹಳ್ಳಿಗಳು ಅನೇಕ. ಪಶ್ಚಿಮಕ್ಕೆ ಶಿರಾಳಾ ತಾಲೂಕು ಸಹ್ಯಾದ್ರಿಗೆ ತಾಗಿಕೊಂಡ ಮಳೆಯ ಸೀಮೆ. ನಡುವೆ ಕೃಷ್ಣಾ ನದಿಯ ಬಯಲಿನಲ್ಲಿ ಅವಳಿ ಊರುಗಳಂತಿರುವ ಸಾಂಗ್ಲಿ ಮತ್ತು ಮಿರಜ. ಕಾಸರಗೋಡಿನಿಂದ ಪೂರ್ಣಾ ಎಕ್ಸ್‌ಪ್ರೆಸ್ ಹತ್ತಿದವರು ಮಿರಜದಲ್ಲಿ ಇಳಿಯಬಹುದು. ಇಲ್ಲಿಂದ ಪಶ್ಚಿಮಕ್ಕೆ ಹೊರಟರೆ ಪನ್ಹಾಳ, ಅಂಬಾ ಘಾಟ್, ರಾಧಾನಗರಿ, ಆಂಬೋಲಿ, ಚಾಂದೋಲಿ ಎಲ್ಲವೂ ಕೆಲವೇ ಗಂಟೆಗಳ ದಾರಿ. ಅರಿಸಿನ, ದ್ರಾಕ್ಷಿ, ಕಬ್ಬಿನ ಹಣ ಓಡಾಡುವ ಈ ಊರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಇಂಜಿನಿನ ಬಲ ಹೋಗುವ ಜೀಪು ಮಾದರಿಯ ವಾಹನಗಳು ಈಗ ಧಾರಾಳವಾಗಿ ಕಾಣುತ್ತವೆ. ಅವುಗಳಲ್ಲಿ ನಮ್ಮ ಕಡೆಯಿಂದ ಬಂದು ನೆಲೆಸಿದವರ ವಾಹನಗಳೂ ಸೇರಿವೆ. ರಜೆಯಲ್ಲಿ ಊರಿನಿಂದ ಬಂದ ನೆಂಟರನ್ನು ಕೂರಿಸಿಕೊಂಡು ಅವು ಘಟ್ಟದ ಕಡೆ ಮುಖ ಮಾಡುತ್ತವೆ.

ನಾನು ಕಂಡ ಮಟ್ಟಿಗೆ ಈ ಕುಟುಂಬಗಳು ವಾಹನಕ್ಕೆ ಲಕ್ಷಗಟ್ಟಲೆ ಹಣ ಸುರಿಯುತ್ತವೆ, ಹೊರಮೈಯ ಅಲಂಕಾರಕ್ಕೆ ಸಾವಿರಗಟ್ಟಲೆ ಕೊಡುತ್ತವೆ. ರಾತ್ರಿ ಮಗು ಮಲಗುವ ನೆಲದ ಬಗ್ಗೆ ಮಾತ್ರ ಹೊರಡುವ ಹಿಂದಿನ ದಿನ ಯೋಚಿಸುತ್ತವೆ. ಈ ಕ್ರಮ ತಿರುವುಮುರುವಾಗಬೇಕು. ನಾಲ್ಕು ಚಕ್ರದ ಬಲ ನಮ್ಮನ್ನು ಸಹಾಯ ಸಿಗದಷ್ಟು ದೂರ ಒಯ್ಯಬಲ್ಲದು. ಅಲ್ಲಿಗೆ ಹೋದ ಮೇಲೆ ರಾತ್ರಿ ನಮ್ಮನ್ನು ಕಾಯುವುದು ವಾಹನವಲ್ಲ, ನಾವು ಕಟ್ಟಿಕೊಂಡು ಹೋದ ಸಾಮಾನು ಮತ್ತು ನಮ್ಮ ತಿಳಿವಳಿಕೆ. ಆದುದರಿಂದ ಗುಂಪಿನಲ್ಲಿ ಅತ್ಯಂತ ಎಳೆಯ ಮಗುವನ್ನೋ ಅತ್ಯಂತ ವಯಸ್ಸಾದವರನ್ನೋ ಮನಸ್ಸಿನಲ್ಲಿಟ್ಟು ಪ್ರತಿಯೊಂದು ವಸ್ತುವನ್ನೂ ಆರಿಸತಕ್ಕದ್ದು.

ವಾಹನಕ್ಕೆ ಇರುವ ಬಲ, ಇಲ್ಲದ ಬಲ

ಮೊದಲು ವಾಹನದ ಬಗ್ಗೆ ಇರುವ ಭ್ರಮೆಯನ್ನು ಕಳೆದುಕೊಳ್ಳೋಣ. ಜೀಪಿನ ಆಕಾರವಿದ್ದ ಮಾತ್ರಕ್ಕೆ ನಾಲ್ಕೂ ಚಕ್ರಗಳಿಗೆ ಬಲ ಇರುವುದಿಲ್ಲ. 2023ರಿಂದೀಚೆಗೆ ಮಹೀಂದ್ರಾ ಥಾರ್ ವಾಹನವೇ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲ ಹೋಗುವ ಮಾದರಿಯಲ್ಲಿಯೂ ಬಂದಿದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಗೇರು ಇದೆಯೇ ಎಂದು ನೋಡಿಕೊಂಡೇ ಮಣ್ಣಿನ ದಾರಿಗೆ ಇಳಿಯಬೇಕು.

ನಾಲ್ಕು ಚಕ್ರದ ಬಲವಿದ್ದರೂ ಅದು ಏರು ಹತ್ತಿಸುತ್ತದೆ, ಕೆಸರಿನಿಂದ ಎಳೆಯುತ್ತದೆ, ಅಷ್ಟೆ. ಬ್ರೇಕು ಒತ್ತಿದಾಗ ಅದು ಬೇರೆ ವಾಹನಗಳಿಗಿಂತ ಬೇಗ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಕಾಪಾಡುವುದು ಕೆಳಗಿನ ಗೇರು ಮತ್ತು ಚಾಲಕನ ತಾಳ್ಮೆ. ಪಾಣತ್ತೂರು, ರಾಣಿಪುರಗಳ ಕಡೆ ಸರ್ವಿಸು ಜೀಪು ಓಡಿಸುವ ಚಾಲಕರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಇಳಿಯುವಾಗ ಇಂಜಿನು ಗೊರಗೊರ ಸದ್ದು ಮಾಡುತ್ತದೆ, ಬ್ರೇಕು ಸುಮ್ಮನಿರುತ್ತದೆ.

ಇನ್ನು ಭಾರದ ಲೆಕ್ಕ. ನಾಲ್ಕು ಜನರ ಕುಟುಂಬ ಎರಡು ರಾತ್ರಿಗೆ ಹೊರಟಿತೆನ್ನಿ. ಕುಡಿಯಲು, ಅಡುಗೆಗೆ ದಿನಕ್ಕೆ ತಲೆಗೆ 4 ಲೀಟರಿನಂತೆ ಎರಡು ದಿನಕ್ಕೆ 32 ಲೀಟರು ನೀರು. ಅಂದರೆ 32 ಕಿಲೋ. ಡೇರೆ ಸುಮಾರು 10 ಕಿಲೋ, ಚಾಪೆ ಹೊದಿಕೆ 12, ಒಲೆ ಪಾತ್ರೆ 15, ದಿನಸಿ 10, ಹಗ್ಗ ಗುದ್ದಲಿ ಇತ್ಯಾದಿ 15. ಕೂಡಿಸಿದರೆ ಒಬ್ಬ ದಪ್ಪ ಮನುಷ್ಯ ಹೆಚ್ಚಾಗಿ ಕುಳಿತಂತೆ ಆಯಿತು. ಮೂರು ಬಾಗಿಲಿನ ಥಾರಿನಲ್ಲಿ ನಾಲ್ಕು ಜನ ಕುಳಿತರೆ ಹಿಂದೆ ಉಳಿಯುವ ಜಾಗ ಬಹಳ ಕಡಿಮೆ. ಆಗ ಎಲ್ಲವೂ ಛಾವಣಿ ಏರುತ್ತದೆ. ತಲೆಭಾರದ ವಾಹನ ತಿರುವಿನಲ್ಲಿ ವಾಲುತ್ತದೆ. ಛಾವಣಿಯ ಮೇಲೆ ಎಷ್ಟು ಕಿಲೋ ಹೇರಬಹುದೆಂದು ವಾಹನದ ಕೈಪುಸ್ತಕದಲ್ಲಿ ಬರೆದಿರುತ್ತದೆ, ಓದುವವರು ಕಡಿಮೆ. ಇತ್ತೀಚೆಗೆ ಛಾವಣಿಯ ಮೇಲೆಯೇ ಬಿಚ್ಚಿಕೊಳ್ಳುವ ಡೇರೆಗಳು ಬಂದಿವೆ. ಅವು ನೋಡಲು ಚೆಂದ, ಆದರೆ ಒಂದೊಂದರ ತೂಕವೇ 50 ಕಿಲೋ ಮೀರುವುದುಂಟು. ಸಂಸಾರ ಸಮೇತ ಘಟ್ಟದ ತಿರುವುಗಳಲ್ಲಿ ಹೋಗುವವರಿಗೆ ನಾನು ಇದನ್ನು ಸೂಚಿಸಲಾರೆ. ನೀರಿನಂತಹ ಭಾರದ ವಸ್ತು ಕೆಳಗೆ, ಸೀಟಿಗೆ ತಾಗಿ ಇರಲಿ. ಹಗುರವಾದ ಚಾಪೆ ಹೊದಿಕೆ ಮೇಲೆ ಇರಲಿ. ಎಲ್ಲವನ್ನೂ ಬಿಗಿದು ಕಟ್ಟಿರಲಿ. ಗಟ್ಟಿಯಾಗಿ ಬ್ರೇಕು ಒತ್ತಿದಾಗ ಹಿಂದಿನಿಂದ ಹಾರಿ ಬರುವ ಕುಕ್ಕರು ಮಗುವಿನ ತಲೆಯನ್ನೇನೂ ನೋಡುವುದಿಲ್ಲ.

ಜಾಗ ಮೊದಲು, ಡೇರೆ ಆಮೇಲೆ

ಡೇರೆಯ ಅಂಗಡಿಗೆ ಹೋಗುವ ಮೊದಲೇ ಡೇರೆ ಎಲ್ಲಿ ಹಾಕುತ್ತೇವೆಂಬುದು ತೀರ್ಮಾನವಾಗಿರಬೇಕು. ಕಾಡು ಯಾರದೂ ಅಲ್ಲ ಎಂಬ ಭಾವನೆ ನಮ್ಮಲ್ಲಿದೆ. ಚಾಂದೋಲಿ 2004ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕೊಯ್ನಾ ಅಭಯಾರಣ್ಯದೊಡನೆ ಸೇರಿ 2010ರಲ್ಲಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2012ರಲ್ಲಿ ಪಶ್ಚಿಮ ಘಟ್ಟದ ಇತರ ತಾಣಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಇಂತಹ ಕಡೆ ಮನಸ್ಸು ಬಂದಲ್ಲಿ ವಾಹನ ನಿಲ್ಲಿಸಿ ಡೇರೆ ಊರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಕಾಡಿನ ಹೊರಗೆ, ಹಳ್ಳಿಯವರ ಖಾಸಗಿ ಜಮೀನಿನಲ್ಲಿ, ಅವರ ಅನುಮತಿ ಪಡೆದು ತಂಗುವುದೇ ಮರ್ಯಾದೆ, ಅದೇ ಕ್ಷೇಮ.

ಇದು ಕಾಯಿದೆಯ ಮಾತು ಮಾತ್ರವಲ್ಲ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿಯ ಸಮೀಪ ಕಾಡಂಚಿನಲ್ಲಿ ಹಾಕಿದ್ದ ಡೇರೆಯ ಬಳಿ ಕಣ್ಣೂರಿನ ತರುಣ ಅಧ್ಯಾಪಿಕೆಯೊಬ್ಬರು ಕಾಡಾನೆಯ ದಾಳಿಗೆ ಬಲಿಯಾದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಎಷ್ಟು ಬೆಲೆಯ ಡೇರೆಯಾದರೂ ಅದು ಬಟ್ಟೆ. ಆನೆಯ ಮುಂದೆ, ಕಾಟಿಯ ಮುಂದೆ ಅದು ಗೋಡೆಯಾಗಲಾರದು. ಪ್ರಾಣಿಗಳು ನೀರಿಗೆ ಬರುವ ದಾರಿಯಲ್ಲಿ ಡೇರೆ ಬೇಡ. ಡೇರೆಯೊಳಗೆ ಹಣ್ಣು, ಬೆಲ್ಲ, ಉಪ್ಪಿನಕಾಯಿ ಬೇಡ.

ಒಣಗಿದ ತೋಡು ಸಮತಟ್ಟಾಗಿ, ಮೆತ್ತಗೆ ಮರಳಿನಿಂದ ಕೂಡಿ ಡೇರೆಗೆಂದೇ ಮಾಡಿಟ್ಟಂತೆ ಕಾಣುತ್ತದೆ. ಮೇಲೆ ಎಲ್ಲೋ ಸುರಿದ ಮಳೆ ಅರ್ಧ ಗಂಟೆಯಲ್ಲಿ ಅಲ್ಲಿಗೆ ಇಳಿಯಬಹುದು. ಅಣೆಕಟ್ಟಿನ ಕೆಳಗಿನ ಹೊಳೆಯ ದಂಡೆಯೂ ಹಾಗೆಯೇ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಿದಾದ ಇಳಿಜಾರಿನ ಬುಡದಲ್ಲಿ ಸಂಸಾರದೊಡನೆ ಡೇರೆ ಹಾಕುವುದೇ ಸಲ್ಲದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ, 2024ರ ಜುಲೈ 30ರಂದು ವಯನಾಡಿನಲ್ಲಿಯೂ ಗುಡ್ಡ ಹೇಗೆ ಇಳಿಯಿತೆಂಬುದನ್ನು ಕಂಡ ಮೇಲೆ ಇದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಏಪ್ರಿಲ್, ಮೇ, ಅಕ್ಟೋಬರ್ ತಿಂಗಳುಗಳಲ್ಲಿ ಸಂಜೆಯ ಸಿಡಿಲು ಇನ್ನೊಂದು ಅಪಾಯ. ನಮ್ಮ ಮಕ್ಕಳ ರಜೆಯೂ ಹೆಚ್ಚಾಗಿ ಆಗಲೇ. ಬೋಳು ಗುಡ್ಡದ ನೆತ್ತಿಯ ಮೇಲೆ ಡೇರೆಯಿಂದ ಯಾವ ರಕ್ಷಣೆಯೂ ಇಲ್ಲ. ಗುಡುಗು ಕೇಳಿದೊಡನೆ ಎಲ್ಲರೂ ವಾಹನದೊಳಗೆ ಸೇರಿ ಗಾಜು ಏರಿಸಿಕೊಳ್ಳಬೇಕು. ಆದರೆ ಆ ವಾಹನದ ಛಾವಣಿ ಲೋಹದ್ದಾಗಿರಬೇಕು. ಬಟ್ಟೆಯ ಮುಚ್ಚಿಗೆಯ ಜೀಪು ಸಿಡಿಲಿನಿಂದ ಕಾಪಾಡದು.

ಡೇರೆಯ ಲೆಕ್ಕ

ಜಾಗ ನಿಶ್ಚಯವಾದ ಮೇಲೆ ಡೇರೆ. ಮಿರಜದಲ್ಲಿ ತಂಬೂರಿ, ಸಿತಾರ್ ಮಾಡುವ ಕುಶಲಕರ್ಮಿಗಳ ಬೀದಿ ಇದೆ; ಆ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅಲ್ಲಿ ಬಲ್ಲ ಸಂಗೀತಗಾರ ಮೇಲಿನ ಕೆತ್ತನೆಯನ್ನು ನೋಡಿ ತಂಬೂರಿ ಕೊಳ್ಳುವುದಿಲ್ಲ. ಸೋರೆಬುರುಡೆ ಹೇಗಿದೆ, ನಾದ ಹೇಗೆ ನಿಲ್ಲುತ್ತದೆ ಎಂದು ನೋಡುತ್ತಾನೆ. ಡೇರೆ ಕೊಳ್ಳುವವನೂ ಬಣ್ಣವನ್ನು ಬಿಟ್ಟು ಹೊಲಿಗೆಯನ್ನು ನೋಡಬೇಕು.

ಕಳೆದ ವರ್ಷ ನನ್ನ ಭಾವನವರು, ಅಂದರೆ ಹೆಂಡತಿಯ ಅಣ್ಣ, ಸಾಂಗ್ಲಿಯ ಅಂಗಡಿಯಲ್ಲಿ ಡೇರೆಯೊಂದನ್ನು ಎತ್ತಿ ಹಿಡಿದು, "ಇದರಲ್ಲಿ ನಾಲ್ಕು ಜನಕ್ಕೆ ಎಂದು ಬರೆದಿದೆಯಲ್ಲ ಭಾವ, ನಾವೂ ನಾಲ್ಕೇ ಜನ" ಎಂದರು. "ನಾಲ್ಕು ಜನ ಸರಿ ಭಾವ, ಚೀಲ ಎಲ್ಲಿಡುತ್ತೀರಿ? ರಾತ್ರಿ ಮಗು ಎದ್ದರೆ ಅಕ್ಕ ಎಲ್ಲಿ ಕುಳಿತುಕೊಳ್ಳುವುದು?" ಎಂದೆ. ನಾಲ್ಕು ಜನರ ಡೇರೆ ಎಂದರೆ ಬೆಂಕಿಪೆಟ್ಟಿಗೆಯ ಕಡ್ಡಿಗಳಂತೆ ಒತ್ತಾಗಿ ಮಲಗುವ ನಾಲ್ವರ ಲೆಕ್ಕ. ಸಂಸಾರಕ್ಕೆ ಆರು ಜನರದ್ದೇ ಬೇಕು. ಹೊತ್ತು ನಡೆಯುವವರಿಗೆ ತೂಕ ದೊಡ್ಡ ವಿಷಯ. ವಾಹನದಲ್ಲಿ ಹೋಗುವವರಿಗೆ ಎರಡು ಮೂರು ಕಿಲೋ ಹೆಚ್ಚಾದರೆ ತೊಂದರೆಯಿಲ್ಲ.

ಹೊರಪದರ ನೆಲದವರೆಗೂ ಇಳಿದಿರಬೇಕು. ತಲೆಯ ಮೇಲೆ ಟೋಪಿಯಂತೆ ಕುಳಿತ ಅರ್ಧ ಪದರ ಉತ್ತರದ ಒಣ ಸೀಮೆಗೆ ಸರಿಯಾಗಬಹುದು, ನಮ್ಮ ಘಟ್ಟದ ಓರೆಮಳೆಗೆ ಸಾಲದು. ಬಟ್ಟೆ ಎಷ್ಟು ನೀರನ್ನು ತಡೆಯುತ್ತದೆಂಬುದನ್ನು ಮಿಲಿಮೀಟರಿನ ಅಂಕೆಯಲ್ಲಿ ಕೊಟ್ಟಿರುತ್ತಾರೆ. ಮೇಲಿನ ಪದರಕ್ಕೆ 2000ಕ್ಕಿಂತ ಕಡಿಮೆಯದು ಬೇಡ. ನೆಲಕ್ಕೆ 3000 ಅಥವಾ ಹೆಚ್ಚು ಇರಲಿ, ಏಕೆಂದರೆ ಮಲಗಿದವರ ಭಾರ ನೀರನ್ನು ಒಳಗೆ ಒತ್ತುತ್ತದೆ. ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿದೆಯೇ, ಎದುರುಬದುರು ಗಾಳಿಕಿಂಡಿ ಇದೆಯೇ ಎಂದು ನೋಡಬೇಕು. ಗಾಳಿಯಾಡದಿದ್ದರೆ ನಮ್ಮ ಉಸಿರೇ ರಾತ್ರಿಯಿಡೀ ಹನಿಯಾಗಿ ಕಟ್ಟಿ ಬೆಳಗ್ಗೆ ಹಾಸಿಗೆ ಒದ್ದೆಯಾಗುತ್ತದೆ. ಡೇರೆ ಸೋರಿತೆಂದು ಅಂಗಡಿಯವನನ್ನು ಬೈಯುತ್ತೇವೆ.

ನೆಲದ ಗುಣವನ್ನೂ ತಿಳಿದಿರಬೇಕು. ಪನ್ಹಾಳದ ಸಮೀಪದ ಮಸಾಯಿ ಪಠಾರವನ್ನು ನೋಡಿದರೆ ನಮ್ಮ ಕಾಸರಗೋಡಿನವರಿಗೆ ಊರು ನೆನಪಾಗುತ್ತದೆ. ಅದೇ ಮುರಕಲ್ಲಿನ ಪಾದೆ, ಅದೇ ಮಳೆಗಾಲದ ಹುಲ್ಲು. ಇಂತಹ ನೆಲಕ್ಕೆ ಡೇರೆಯ ಗೂಟ ಇಳಿಯುವುದಿಲ್ಲ. ಗೂಟದ ಬಲದಿಂದಲೇ ನಿಲ್ಲುವ ಡೇರೆ ಕೊಂಡವರು ಅಲ್ಲಿ ಕೈ ಹಿಸುಕಿಕೊಳ್ಳಬೇಕಾದೀತು. ಕೋಲುಗಳ ಬಿಲ್ಲಿನಿಂದ ತಾನೇ ನಿಲ್ಲುವ ಗುಮ್ಮಟದಾಕಾರದ ಡೇರೆಯಾದರೆ ಮೂಲೆಯ ಹಗ್ಗಗಳನ್ನು ಕಲ್ಲಿಗೆ ಸುತ್ತಿ ಕಟ್ಟಬಹುದು. ಅದಕ್ಕಾಗಿ ಹೆಚ್ಚಿನ ಹಗ್ಗ ಜೊತೆಗಿರಲಿ.

ಮೇಲೊಂದು ಟರ್ಪಾಲು ಕಟ್ಟಿದರೆ ಅಡುಗೆಗೂ ಆಯಿತು, ಮಳೆ ಬಂದರೆ ಕುಳಿತುಕೊಳ್ಳಲೂ ಆಯಿತು. ಇದನ್ನು ಹೊಸದಾಗಿ ಕೊಳ್ಳಬೇಕಾಗಿಲ್ಲ. ಅಡಕೆ ಒಣಗಿಸುವ ಮನೆಗಳಲ್ಲಿ ಟರ್ಪಾಲಿಗೆ ಬರವಿಲ್ಲ. ಅದನ್ನು ಬಿಗಿಯಾಗಿ ಕಟ್ಟುವ ಗಂಟು ಮಾತ್ರ ಬರಬೇಕು. ಸ್ಕೌಟು, ಗೈಡು ದಳದಲ್ಲಿರುವ ಮಕ್ಕಳಿಗೆ ಅದು ಬರುತ್ತದೆ. ಶಾಲೆಯಲ್ಲಿ ಕಲಿತದ್ದನ್ನು ಅಪ್ಪನಿಗೆ ಕಲಿಸುವ ಅವಕಾಶ ಮಕ್ಕಳಿಗೆ ಸಿಗುವುದೇ ಅಪರೂಪ, ಬಿಟ್ಟುಕೊಡಬಾರದು.

ಚಳಿ ಬರುವುದು ನೆಲದಿಂದ

ಡಿಸೆಂಬರ್, ಜನವರಿಯಲ್ಲಿ ಸಹ್ಯಾದ್ರಿಯ ನೆತ್ತಿಯ ಚಳಿ ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಹೊಸದು. ನಮ್ಮವರು ಮೇಲೆ ಎರಡು ಹೊದಿಕೆ ಹೊದ್ದು, ಕೆಳಗೆ ಒಂದು ಬೆಡ್‌ಶೀಟು ಹಾಸಿ ಮಲಗುತ್ತಾರೆ. ಚಳಿ ಬರುವುದು ಕೆಳಗಿನಿಂದ. ಮೈಯ ಭಾರಕ್ಕೆ ಒತ್ತಿಹೋದ ಬಟ್ಟೆ ಅದನ್ನು ತಡೆಯದು. ಹಣ ಒಂದಕ್ಕೇ ಸಾಲುವುದಾದರೆ ಮೊದಲು ದಪ್ಪನೆಯ ಫೋಮಿನ ಚಾಪೆ ಕೊಳ್ಳಿರಿ, ಆಮೇಲೆ ಹೊದಿಕೆ. ಗಾಳಿ ತುಂಬಿದ ಹಾಸಿಗೆ ಮೆತ್ತಗಿರುತ್ತದೆ ಎಂಬುದು ನಿಜ, ಆದರೆ ಒಳಗಿನ ಗಾಳಿ ತಣ್ಣಗಾಗಿ ಚಳಿಯನ್ನು ಮೇಲಕ್ಕೆ ತರುತ್ತದೆ.

ಮಲಗುವ ಚೀಲದ ಮೇಲೆ ಎರಡು ಮೂರು ಉಷ್ಣತೆಗಳನ್ನು ಬರೆದಿರುತ್ತಾರೆ. ದೊಡ್ಡಕ್ಷರದಲ್ಲಿ ಮೈನಸ್ ಎಂದು ಕಾಣುವುದು ಬಹಳ ಸಲ ಜೀವ ಉಳಿಯುವ ಕೊನೆಯ ಮಿತಿ. ಸುಖವಾಗಿ ನಿದ್ದೆ ಬರುವ ಮಿತಿ ಬೇರೆ, ಅದನ್ನು ಸಣ್ಣಕ್ಷರದಲ್ಲಿ ಹುಡುಕಬೇಕು. ಮಕ್ಕಳಿಗೆ ಆರಿಸುವಾಗ ಸುಖದ ಮಿತಿಯನ್ನೇ ಹಿಡಿಯಬೇಕು. ಇದಕ್ಕೆ ಹಣವಿಲ್ಲದಿದ್ದರೆ ಚಿಂತೆಯಿಲ್ಲ. ಜತ್ತದ ಕಡೆಯ ಕುರುಬರ ಉಣ್ಣೆಯ ಕಂಬಳಿ, ಮರಾಠಿಯಲ್ಲಿ ಘೋಂಗಡಿ ಎನ್ನುವುದು, ಇಬ್ಬನಿಯಲ್ಲಿ ಸ್ವಲ್ಪ ನೆನೆದರೂ ಬೆಚ್ಚಗಿರುತ್ತದೆ. ಹತ್ತಿಯ ರಗ್ಗಿಗೆ ಆ ಗುಣವಿಲ್ಲ.

"ಹಿಂದಿನವರು ಇದೆಲ್ಲ ಇಲ್ಲದೆ ಕಾಡಿನಲ್ಲಿ ಮಲಗಲಿಲ್ಲವೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಮಳೆಗಾಲ ಮುಗಿದ ಮೇಲೆ ಕುರಿಹಿಂಡಿನೊಡನೆ ಸಂಸಾರ ಸಮೇತ ತಿಂಗಳುಗಟ್ಟಲೆ ಬಯಲಿನಲ್ಲಿಯೇ ರಾತ್ರಿ ಕಳೆಯುವ ಕುರುಬರು, ಧನಗರರು ಇಂದಿಗೂ ಇಲ್ಲಿದ್ದಾರೆ. ಅವರ ಬಳಿ ಫೋಮಿನ ಚಾಪೆಯಿಲ್ಲ. ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ನೀರು ಎಲ್ಲಿ ಹರಿಯುತ್ತದೆ, ನಾಯಿ ಯಾಕೆ ಬೊಗಳಿತು ಎಂಬ ತಿಳಿವಳಿಕೆ ಇದೆ. ನಮಗೆ ಆ ತಿಳಿವಳಿಕೆ ಇಲ್ಲ. ಅದಿಲ್ಲದವರು ಸಾಮಾನನ್ನೂ ಬಿಟ್ಟು ಹೊರಟರೆ ಅದು ಸರಳತೆಯಲ್ಲ, ಉಡಾಫೆ.

ಒಲೆ ಹೊರಗೆ, ಯಾವಾಗಲೂ ಹೊರಗೆ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡುವವರು ಇದನ್ನು ನೆನಪಿಡಲಿ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗಿರಿಧಾಮಕ್ಕೆ ಪ್ರವಾಸ ಹೋದ ಕೇರಳದ ಎಂಟು ಮಂದಿ ಒಂದೇ ರಾತ್ರಿ ಅಸುನೀಗಿದರು. ಎರಡು ಕುಟುಂಬ, ಅದರಲ್ಲಿ ನಾಲ್ಕು ಮಕ್ಕಳು. ಗುಡ್ಡ ಕುಸಿಯಲಿಲ್ಲ, ವಾಹನ ಉರುಳಲಿಲ್ಲ. ಚಳಿ ಎಂದು ಬಾಗಿಲು ಕಿಟಕಿ ಭದ್ರಪಡಿಸಿ, ಕೋಣೆಯೊಳಗೆ ಗ್ಯಾಸಿನ ಹೀಟರು ಇಟ್ಟುಕೊಂಡು ಮಲಗಿದ್ದರು. ಬೆಂಕಿಗೆ ಸಾಕಷ್ಟು ಗಾಳಿ ಸಿಗದಿದ್ದಾಗ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವನಿಗೆ ಎಚ್ಚರವಾಗುವುದಿಲ್ಲ, ಎಚ್ಚರವಿದ್ದವನಿಗೂ ತಲೆನೋವು, ವಾಕರಿಕೆ, ಮಂಪರು ಬಂದು ಏಳುವ ಶಕ್ತಿ ಹೋಗುತ್ತದೆ.

ಕೋಣೆಯಲ್ಲೇ ಹೀಗಾದರೆ ಡೇರೆಯ ಗತಿಯೇನು? ಮಳೆ ಬಂತೆಂದು ಒಲೆಯನ್ನು ಡೇರೆಯೊಳಗೆ ತರುವುದು, ಮಗುವಿಗೆ ಬೆಚ್ಚಗಾಗಲಿ ಎಂದು ಕೆಂಡದ ಬಟ್ಟಲು ಇಡುವುದು, ವಾಹನದ ಇಂಜಿನು ಓಡಿಸುತ್ತಾ ಎ.ಸಿ. ಹಾಕಿ ಗಾಜು ಏರಿಸಿ ಮಲಗುವುದು, ಮೂರೂ ಒಂದೇ ಅಪಾಯ. ಒಲೆ ಟರ್ಪಾಲಿನ ಕೆಳಗೆ, ಸುತ್ತಲೂ ತೆರೆದ ಜಾಗದಲ್ಲಿ ಮಾತ್ರ ಇರಲಿ.

ಒಲೆ ಯಾವುದು? ನಾಲ್ಕು ಜನರಿಗೆ ಅನ್ನ ಸಾರು ಬೇಯಿಸಲು 5 ಕಿಲೋದ ಸಣ್ಣ ಸಿಲಿಂಡರಿನ ಗಟ್ಟಿ ಒಲೆ ಸಾಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿ ಒಯ್ಯಬೇಕು. ಈ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ವಾಹನದ ತಳದಲ್ಲಿ ಶೇಖರವಾಗುತ್ತದೆ, ಆದುದರಿಂದ ಗಾಜು ಇಳಿಸಿರಬೇಕು, ಒಳಗೆ ಯಾರೂ ಬೀಡಿ ಸೇದಬಾರದು. ಡಬ್ಬಿಯ ಗ್ಯಾಸು ಹಾಕುವ ಚಪ್ಪಟೆ ಒಲೆಯ ಮೇಲೆ ಅಗಲವಾದ ಪಾತ್ರೆ ಇಡಬೇಡಿ. ಪಾತ್ರೆಯ ಅಂಚಿನ ಬಿಸಿ ಡಬ್ಬಿಗೆ ತಾಗಿ ಸಿಡಿಯುವ ಭಯವಿದೆ. ಸೌದೆಯ ಬೆಂಕಿ ಹಾಕುವ ಆಸೆ ಮಕ್ಕಳಿಗೆ ಇದ್ದೇ ಇರುತ್ತದೆ. ಜಮೀನಿನ ಯಜಮಾನ ಒಪ್ಪಿದಲ್ಲಿ, ಹುಲ್ಲಿಲ್ಲದ ಕಡೆ, ಸಣ್ಣದಾಗಿ ಮಾಡಿ ಮಲಗುವ ಮೊದಲು ನೀರು ಹೊಯ್ದು ಆರಿಸಿದರೆ ಅಡ್ಡಿಯಿಲ್ಲ. ಬೇಸಗೆಯಲ್ಲಿ ಒಣ ಹುಲ್ಲಿನ ಗುಡ್ಡದಲ್ಲಿ ಅದೂ ಬೇಡ.

ಉಣ್ಣಿ, ಹಾವು, ಆಸ್ಪತ್ರೆ

ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಆಮೇಲೆ ಅದು ವಯನಾಡಿನಲ್ಲಿ ಕಂಡಿತು. 2016ರಿಂದ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿಯೂ ಕಂಡಿತು. ಅಂದರೆ ಆಂಬೋಲಿಯ ಜಿಲ್ಲೆಯಲ್ಲಿಯೇ. ಅದನ್ನು ಹರಡುವುದು ಕಾಡಿನ ಉಣ್ಣಿ. ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ನಮ್ಮ ಕ್ರಿಸ್ಮಸ್ ರಜೆ, ದೊಡ್ಡ ರಜೆ ಎರಡೂ ಅದರೊಳಗೇ ಬರುತ್ತವೆ. ತರಗೆಲೆಯ ಮೇಲೆ ಚಾಪೆ ಹಾಸಿ ಮಲಗುವ ಕನಸು ಪದ್ಯದಲ್ಲಿ ಚೆಂದ. ಡೇರೆಯ ಜಿಪ್ಪು ಸದಾ ಮುಚ್ಚಿರಲಿ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ಮಕ್ಕಳಿಗೆ ಇರಲಿ. ಸಂಜೆ ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ ಒಮ್ಮೆ ನೋಡಬೇಕು. ಪ್ರವಾಸದಿಂದ ಬಂದ ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋದದ್ದನ್ನು ವೈದ್ಯರಿಗೆ ಹೇಳಬೇಕು.

ಟಾರ್ಚು ಮನೆಗೊಂದಲ್ಲ, ತಲೆಗೊಂದು ಬೇಕು. ಹಣೆಗೆ ಕಟ್ಟುವಂಥದ್ದಾದರೆ ಎರಡೂ ಕೈ ಬಿಡುವಾಗಿರುತ್ತವೆ. ಬೆಳಗ್ಗೆ ಬೂಟು ಕೊಡವಿ ಹಾಕುವ ಅಭ್ಯಾಸವಿರಲಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು. ಕಚ್ಚಿದ ಅಂಗ ಅಲುಗದಂತೆ ಇಟ್ಟು, ವಿಷಕ್ಕೆ ಮದ್ದಿರುವ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ. ಆ ಆಸ್ಪತ್ರೆ ಎಲ್ಲಿದೆ, ರಾತ್ರಿ ಎಷ್ಟು ಹೊತ್ತಿನ ದಾರಿ ಎಂಬುದನ್ನು ಹೊರಡುವ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಗುಡ್ಡದಲ್ಲಿ ಮೊಬೈಲು ಮಾತಾಡುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆಸ್ಪತ್ರೆಯ ದಾರಿ ಎಂದರೇನೆಂದು ಕಂಡ ನಮ್ಮ ಜಿಲ್ಲೆಯವರಿಗೆ ಇದರ ಬೆಲೆ ಗೊತ್ತು.

ವಾಹನ ಹೂತರೆ ಬೇಕಾಗುವ ಸಾಮಾನನ್ನೂ ಹೇಳಿಬಿಡುತ್ತೇನೆ. ಒಂದು ಗುದ್ದಲಿ, ಮೆತ್ತನೆಯ ನೆಲದಲ್ಲಿ ಜಾಕಿಯ ಅಡಿಗೆ ಇಡಲು ದಪ್ಪ ಹಲಗೆ, ಸರಿಯಾದ ಗಾಳಿಯಿರುವ ಹೆಚ್ಚಿನ ಚಕ್ರ, ಗಾಳಿ ತುಂಬುವ ಪಂಪು, ವಾಹನದ ತೂಕ ತಡೆಯುವ ಎಳೆಯುವ ಪಟ್ಟಿ. ಸಂಸಾರದ ಪ್ರಯಾಣಕ್ಕೆ ಇಷ್ಟು ಸಾಕು. ಎಳೆಯುವಾಗ ಮಕ್ಕಳನ್ನು ದೂರ ನಿಲ್ಲಿಸಿ. ಕಡಿದ ಪಟ್ಟಿ ಚಾವಟಿಗಿಂತ ಕ್ರೂರ. ಇಷ್ಟರಿಂದ ಹೊರಬರಲಾಗದಂತಹ ಕೆಸರು ಎದುರಾದರೆ ಅದಕ್ಕೆ ಇಳಿಯದೆ ಹಿಂದಿರುಗುವುದೇ ಜಾಣತನ.

ಗೊತ್ತಿಲ್ಲದ ಭಾಷೆಯ ಫಲಕ

ಅಲ್ಪಸಂಖ್ಯಾತರಾದ ನಮಗೆ ಇನ್ನೊಂದು ತೊಂದರೆಯಿದೆ. ಘಟ್ಟದ ಎಚ್ಚರಿಕೆಯ ಫಲಕಗಳು ಇಲ್ಲಿ ಮರಾಠಿಯಲ್ಲಿರುತ್ತವೆ, ನಮ್ಮ ರಾಣಿಪುರದ ಕಡೆ ಮಲಯಾಳದಲ್ಲಿ. ಮರಾಠಿಯಲ್ಲಿ 'ಧೋಕಾ' ಎಂದರೆ ಅಪಾಯ. ನಮ್ಮವರು ಅದನ್ನು ಮೋಸ ಎಂದು ತಿಳಿದು ನಕ್ಕು ಮುಂದೆ ಹೋಗುವುದುಂಟು. 'ವಳಣ' ಎಂದರೆ ತಿರುವು. ಮಲಯಾಳದ 'ಅಪಕಟಂ' ಎಂಬುದು ಅಪಾಯವನ್ನೂ ಅಪಘಾತವನ್ನೂ ಹೇಳುವ ಶಬ್ದ. ಹೋಗುವ ಕಡೆಯ ಇಂತಹ ಹತ್ತು ಶಬ್ದಗಳನ್ನು ಮಕ್ಕಳಿಗೆ ಕಲಿಸಿ ಹೊರಡಿ. ಡೇರೆ, ಒಲೆಗಳ ಜೊತೆ ಬರುವ ಸೂಚನೆಗಳಂತೂ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ. ಒಲೆ ಹೊತ್ತಿಸುವವರು ಮನೆಯ ಹೆಂಗಸರು, ಸೂಚನೆ ಓದಬಲ್ಲವನು ಕಾಲೇಜಿಗೆ ಹೋಗುವ ಹುಡುಗ ಎಂದಾದರೆ, ಆ ಹುಡುಗ ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಎಲ್ಲರಿಗೂ ಓದಿ ಹೇಳತಕ್ಕದ್ದು. ಅರ್ಥವಾಗದ ಭಾಷೆಯಲ್ಲಿರುವ ಎಚ್ಚರಿಕೆ ಇದ್ದೂ ಇಲ್ಲದಂತೆ.

ಅಂಗಳದಲ್ಲಿ ಒಂದು ರಾತ್ರಿ

ಕೊನೆಯದಾಗಿ, ಕೊಂಡ ಸಾಮಾನನ್ನು ಗುಡ್ಡದಲ್ಲಿ ಮೊದಲ ಸಲ ಬಿಚ್ಚಬಾರದು. ಹೊರಡುವ ಎರಡು ವಾರ ಮೊದಲು ಮನೆಯ ಅಂಗಳದಲ್ಲಿ ಡೇರೆ ಹಾಕಿ, ತೋಟದ ಪೈಪಿನಿಂದ ಕಾಲು ಗಂಟೆ ನೀರು ಬಿಡಿ. ಸೋರುವುದು ಎಲ್ಲಿ ಎಂದು ಆಗಲೇ ತಿಳಿಯುತ್ತದೆ. ಹಿಂದಿರುಗಿಸಲು ಸಮಯವೂ ಇರುತ್ತದೆ. ಅದರಲ್ಲಿಯೇ ಒಂದು ರಾತ್ರಿ ಎಲ್ಲರೂ ಮಲಗಿ ನೋಡಿ. ಕತ್ತಲೆಯಲ್ಲಿ ಟಾರ್ಚಿನ ಬೆಳಕಿನಲ್ಲಿ ಡೇರೆ ಕಟ್ಟಲು ಬರುತ್ತದೆಯೇ ಎಂದು ಪರೀಕ್ಷಿಸಿ. ಅಂಗಳ ಇಲ್ಲದ ಸಾಂಗ್ಲಿ, ಮಿರಜದವರಿಗೆ ಪಂಢರಪುರದ ದಾರಿಯ ಬದಿಯ ದಂಡೋಬಾ ಗುಡ್ಡದ ತಪ್ಪಲು, ನಮ್ಮೂರಿನವರಿಗೆ ಪೊಸಡಿಗುಂಪೆಯ ತಪ್ಪಲು ಹಗಲಿನ ಅಭ್ಯಾಸಕ್ಕೆ ಒಳ್ಳೆಯದು. ಬೆಳಗ್ಗೆ ಹೋಗಿ, ಹಾಕಿ, ಬಿಚ್ಚಿ, ಕಸ ಹೆಕ್ಕಿ ಸಂಜೆಗೆ ಮನೆಗೆ ಬನ್ನಿ.

ಎಲ್ಲವನ್ನೂ ಒಂದೇ ವರ್ಷ ಕೊಳ್ಳಬೇಕೆಂದಿಲ್ಲ. ನಾಲ್ಕೈದು ಮನೆಯವರು ಸೇರಿ ಒಂದು ಒಳ್ಳೆಯ ಡೇರೆ ಕೊಂಡು ಸರದಿಯಂತೆ ಬಳಸಬಹುದು. ನಮ್ಮಲ್ಲಿ ಮದುವೆಯ ಹಂಡೆ, ಚಪ್ಪರದ ಸಾಮಾನುಗಳನ್ನು ಹೀಗೆಯೇ ಹಂಚಿಕೊಂಡು ಬಂದಿದ್ದೇವಲ್ಲ. ಹಣ ಉಳಿಸಬೇಕಾದಲ್ಲಿ ವಾಹನದ ಅಲಂಕಾರದಲ್ಲಿ ಉಳಿಸೋಣ. ಮಗುವಿನ ಬೆನ್ನಿನ ಕೆಳಗಿನ ಚಾಪೆಯಲ್ಲಿ, ತಲೆಯ ಮೇಲಿನ ಹೊಲಿಗೆಯಲ್ಲಿ ಉಳಿಸುವುದು ಬೇಡ. ಮಕ್ಕಳು ಗುಡ್ಡ ನೋಡಲಿ, ಮಳೆ ನೋಡಲಿ, ಕತ್ತಲೆಯನ್ನೂ ನೋಡಲಿ. ಅವರನ್ನು ಕರೆದೊಯ್ದ ನಾವು ಮರುದಿನ ಬೆಳಗ್ಗೆ ಎಲ್ಲರನ್ನೂ ಎಣಿಸಿ, ಬಿಸಿ ಚಹಾ ಕಾಸಿ, ಕ್ಷೇಮವಾಗಿ ಮನೆಗೆ ತರುವಷ್ಟು ಸಿದ್ಧತೆ ಮಾಡಿಕೊಂಡೇ ಹೊರಡೋಣ.